ಬಿರಡೆಯ ಅಡಿಯ ಜೋಳ

೧೯೪೮ನೇ ಇಸವಿ, ಜುಲೈ ೧೨, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಸಿರುಗುಪ್ಪ ಠಾಣೆಯ ಮುಂದೆ ಎತ್ತಿನ ಗಾಡಿಯೊಂದು ನಿಂತಿತು. ಇಳಿದ ಹೆಂಗಸಿನ ಸೆರಗು ರಕ್ತ ಒಣಗಿ ಗಟ್ಟಿಯಾಗಿತ್ತು. ಹೆಸರು ಹನುಮಮ್ಮ, ಊರು ರಾರಾವಿ. ಗಂಡ ಅಂಜಿನಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು.

"ಆಚಿ ದಂಡಿಯಿಂದ ಸುಟ್ರು ಸಾಹೇಬ್ರ. ನನ ಗಂಡ ಹೋದ."

ಇನ್‌ಸ್ಪೆಕ್ಟರ್ ತಿಪ್ಪೇರುದ್ರಪ್ಪ ಆಕೆಗೆ ನೀರು ಕೊಡಿಸಿ ಕೂರಿಸಿದರು.

"ಸುಟ್ಟದ್ದು ಕಣ್ಣಾರೆ ನೋಡಿದೇನಮ್ಮ?"

"ನಸುಕಿನ್ಯಾಗ ಸಪ್ಪಳ ಕೇಳಿದೆ. ಓಡಿ ಹೋಗೋದ್ರಾಗ ಬಿದ್ದಿದ್ದ."

"ಹರಗೋಲು ಕಟ್ಟಿ ಹಾಕ್ರಿ ಅಂತ ಸರ್ಕಾರದ ಹುಕುಂ ಐತಿ. ಹೊತ್ತು ಮೂಡೋ ಮದಲ ಹೊಳಿ ಹತ್ರ ಏನು ಕೆಲಸ ಇತ್ತು?"

ಹನುಮಮ್ಮ ತಲೆ ತಗ್ಗಿಸಿದಳು. ಕದ್ದು ಹೊಳೆ ದಾಟಿಸುವುದು ನಿಂತಿಲ್ಲವೆಂದು ಇನ್‌ಸ್ಪೆಕ್ಟರಿಗೂ ಗೊತ್ತಿತ್ತು.

ಆಗ ಹೊಳೆಯ ಈಚೆ ದಂಡೆ ಮದರಾಸು ಪ್ರಾಂತ್ಯ, ಆಚೆ ದಂಡೆ ನಿಜಾಮರ ಸಂಸ್ಥಾನ. ಆಚೆ ಊರುಗಳಲ್ಲಿ ಲೂಟಿ, ಬೆಂಕಿ ಎಂಬ ಸುದ್ದಿ ದಿನಾ ಬರುತ್ತಿತ್ತು. ಬಂದೂಕು, ಮದ್ದು, ಕೊನೆಗೆ ಒಂದು ಚೂರು ಕಬ್ಬಿಣವೂ ಗಡಿ ದಾಟಕೂಡದು ಎಂದು ಸರ್ಕಾರ ಆಜ್ಞೆ ಮಾಡಿತ್ತು. ಆಚೆ ದಂಡೆಯಲ್ಲಿ ಮಗಳನ್ನು ಕೊಟ್ಟವರು, ಅಲ್ಲಿಂದ ಸೊಸೆ ತಂದವರು ಏನು ಮಾಡಬೇಕು ಎಂಬುದರ ಬಗ್ಗೆ ಆಜ್ಞೆಯಲ್ಲಿ ಒಂದು ಮಾತೂ ಇರಲಿಲ್ಲ. ಆಜ್ಞೆ ಬರೆಯುವವರ ಬೀಗರು ಸಾಮಾನ್ಯವಾಗಿ ಹೊಳೆಯ ಆಚೆ ಇರುವುದಿಲ್ಲ.

ಅಪರಿಚಿತರ ಮೇಲೆ ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಗಾದಿಲಿಂಗಪ್ಪನೊಂದಿಗೆ ರಾರಾವಿ ತಲುಪಿ ಶವದ ಪಂಚನಾಮೆಗೆ ಕೂತರು.

ಗುಂಡೇಟಿನ ಗುರುತು ಮೈಮೇಲೆ ಎಲ್ಲೂ ಇರಲಿಲ್ಲ. ಬಲಗೈ ಮಣಿಕಟ್ಟಿನ ತನಕ ಛಿದ್ರವಾಗಿತ್ತು, ಬಲಗೆನ್ನೆ ಮದ್ದಿನಿಂದ ಕರಕಾಗಿತ್ತು, ಕತ್ತಿನಲ್ಲಿ ಕಬ್ಬಿಣದ ಚೂರು ನಾಟಿತ್ತು. ದಂಡೆಯ ಕೆಸರಿನಲ್ಲಿ ಹುಡುಕಿದಾಗ ಒಡೆದ ನಾಡಬಂದೂಕಿನ ಹಿಂಭಾಗ ಸಿಕ್ಕಿತು.

"ಆಚಿ ದಂಡಿಯವರು ಯಾರೂ ಸುಟ್ಟಿಲ್ಲ ಬಿಡ್ರಿ," ಎಂದ ಗಾದಿಲಿಂಗಪ್ಪ. "ಇವನ ಕೈಯಾಗ ಒಡದೈತಿ."

ಹರಿಗೋಲನ್ನೂ ಬಂದೂಕಿನ ತುಂಡನ್ನೂ ಜಪ್ತಿ ಮಾಡಲಾಯಿತು. ಹರಿಗೋಲು ದಂಡೆಯ ಬೇವಿನ ಮರದ ಕೆಳಗೇ ಉಳಿಯಿತು, ಅದಕ್ಕೊಬ್ಬ ಕಾವಲುಗಾರ.

ಮರುದಿನ ಠಾಣೆಯಲ್ಲಿ ಪಂಚರ ಎದುರು ಬಂದೂಕಿನ ತುಂಡನ್ನು ಬಿಚ್ಚಿದರು. ನಳಿಗೆಯ ಹಿಂದಿನ ಬಾಯಿಗೆ ಕಬ್ಬಿಣದ ಬಿರಡೆ ಬಡಿದು ಮುಚ್ಚಿದ್ದರು. ಅದನ್ನು ಹೊರಗೆಳೆದಾಗ, ಬಿರಡೆಗೂ ನಳಿಗೆಯ ಗೋಡೆಗೂ ನಡುವೆ ಅಪ್ಪಚ್ಚಿಯಾಗಿ ಅಂಟಿದ್ದ ಎರಡು ಜೋಳದ ಕಾಳು ಕಂಡವು.

"ಹರಗೋಲದಾಗ ಜೋಳದ ಚೀಲ ಸಾಗ್ತಿದ್ವಲ್ರಿ. ಬಿದ್ದಿರಬೇಕು," ಎಂದ ಗಾದಿಲಿಂಗಪ್ಪ.

"ಮುಂದಿನ ಬಾಯಿಂದ ಬಿದ್ದಿದ್ರ ಬಿರಡಿ ಒಳಮೈ ಮ್ಯಾಲೆ ಇರ್ತಿತ್ತು. ಇದು ಬಿರಡಿ ಸಂದ್ಯಾಗ ಸಿಕ್ಕೈತಿ. ಅಂದ್ರ ಬಿರಡಿ ಬಡಿಯೋ ಮದಲಽ ಕೊಳವಿ ಒಳಗ ಜೋಳ ಇತ್ತು," ಎಂದರು ಇನ್‌ಸ್ಪೆಕ್ಟರ್.

"ಬಂದೂಕು ಮಾಡೋನು ಜೋಳ ಯಾಕ ಹಾಕ್ತಾನ್ರಿ?"

"ಅದನ್ನ ಅವನಽ ಹೇಳಬೇಕು."

ಇನ್ನೊಂದು ವಿಷಯವೂ ಇತ್ತು. ನಳಿಗೆ ಊರ ಕುಲುಮೆಯ ಕೆಲಸವಾಗಿರಲಿಲ್ಲ, ಕಾರ್ಖಾನೆಯ ತೆಳು ಉಕ್ಕಿನ ಕೊಳವೆ. ಉಕ್ಕಿಗೆ ಪರ್ಮಿಟ್ಟು ಬೇಕಿದ್ದ ಕಾಲ ಅದು. ಇಂಥ ಕೊಳವೆ ಜಿಲ್ಲೆಯೊಳಗೆ ಬಂದಿದ್ದರೆ ಯಾವುದೋ ಕಚೇರಿಯ ಕೈ ದಾಟಿಯೇ ಬಂದಿರಬೇಕು.

ಆ ಕಚೇರಿ ಬಳ್ಳಾರಿಯಲ್ಲಿ ಸಿಕ್ಕಿತು. ಊರ ಹೊರಗಿನ ಎರೆಭೂಮಿಯಲ್ಲಿ ಸರ್ಕಾರ ಬೇಸಾಯದ ಪ್ರಯೋಗ ನಡೆಸುತ್ತಿತ್ತು. ಬಿತ್ತುವ ಕೂರಿಗೆಗೆ ಬಿದಿರಿನ ಬದಲು ಉಕ್ಕಿನ ಕೊಳವೆ ಹಾಕಿದರೆ ಬೀಜ ಒಂದೇ ಆಳಕ್ಕೆ ಬೀಳುತ್ತದೆಯೇ ಎಂದು ನೋಡುವುದು ಯೋಜನೆ. ಕೊಳವೆ ಸರ್ಕಾರದ್ದು, ಮಾಡಿಕೊಡುವ ಕಮ್ಮಾರರಿಗೆ ಸಹಾಯಧನವೂ ಸರ್ಕಾರದ್ದು. ಯೋಜನೆಯ ಅಧಿಕಾರಿ ಕೊಳವೆಯ ತುಂಡನ್ನು ನೋಡಿದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನಮ್ಮದೇ. ಆದರೆ ಹೇಗೆ ಸಾಧ್ಯ? ಮೂರೇ ಜನ ಕಮ್ಮಾರರಿಗೆ ಕೊಟ್ಟದ್ದು. ಸಿರುಗುಪ್ಪ, ಮೋಕಾ, ಕುರುಗೋಡು. ತಯಾರಾದ ಕೂರಿಗೆಗಳನ್ನು ನಾನೇ ಹೋಗಿ ತಪಾಸಣೆ ಮಾಡಿದ್ದೇನೆ."

"ಮುಟ್ಟಿ ನೋಡಿದ್ರೇನು?"

"ಬಣ್ಣ ಹಸಿಯಾಗಿತ್ತು," ಎಂದರು ಅಧಿಕಾರಿ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತೆ ಕೊಳವೆಯ ತುಂಡನ್ನು ಮುಟ್ಟಿ ನೋಡಿದರು.

ಬುಧವಾರ ಮತ್ತು ಗುರುವಾರ ಕುಲುಮೆಗಳ ಸುತ್ತಾಟ. ಸಿರುಗುಪ್ಪದ ಕಮ್ಮಾರ ಕೊಳವೆಯನ್ನು ಕಣ್ಣಿಗೆ ಹಿಡಿದು ಬಿಸಿಲಿಗೆ ನೋಡಿ ಕೂರಿಗೆಗೆ ಜೋಡಿಸುತ್ತಿದ್ದ. ಮೋಕಾದವನು ತಂತಿಗೆ ಬಟ್ಟೆ ಸುತ್ತಿ ಒಳಗೆ ಆಡಿಸುತ್ತಿದ್ದ. ಇಬ್ಬರ ಕೊಳವೆಗಳೂ ಸರಿಯಾಗಿದ್ದವು.

ಕುರುಗೋಡಿನಲ್ಲಿ ಬೆಟ್ಟದ ಬುಡದ ಕುಲುಮೆ ಮೌನಪ್ಪನದು. ಐವತ್ತೈದರ ಆಸುಪಾಸಿನ ಮನುಷ್ಯ, ಮೂರು ದಿನ ನಿದ್ದೆ ಮಾಡದವನ ಕಣ್ಣು. ಅಂಗಳದಲ್ಲಿ ಕಪ್ಪು ಬಣ್ಣ ಬಳಿದ ಕೂರಿಗೆಗಳು ಬಳ್ಳಾರಿಯ ಗಾಡಿಗಾಗಿ ಕಾದು ನಿಂತಿದ್ದವು.

"ಕೆಲಸ ನಡೀಲಿ ಮೌನಪ್ಪ, ನಾವು ನೋಡಾಕ ಬಂದೀವಿ," ಎಂದು ಇನ್‌ಸ್ಪೆಕ್ಟರ್ ಕಟ್ಟೆಯ ಮೇಲೆ ಕೂತರು.

ಮೌನಪ್ಪ ಕೊಳವೆಯೊಂದನ್ನು ಉಜ್ಜಿ ಮುಗಿಸಿದ. ಪಕ್ಕದ ಗಡಿಗೆಗೆ ಕೈಹಾಕಿ ಒಂದು ಹಿಡಿ ಜೋಳ ತೆಗೆದ. ಕೊಳವೆಯನ್ನು ಹಣೆಗೊತ್ತಿಕೊಂಡು, ಬಾಯಲ್ಲಿ ಏನೋ ಅಂದುಕೊಂಡು, ಜೋಳವನ್ನು ಅದರೊಳಗೆ ಸುರಿದ. ಒಂದೆರಡು ಕಾಳು ಒಳಗೇ ಅಂಟಿಕೊಂಡವು, ಉಳಿದದ್ದು ಜರ್ರನೆ ಇಳಿದು ನೆಲದ ಮೇಲೆ ಹರಡಿತು. ಅದನ್ನು ಅವನು ಬಳಿಯಲಿಲ್ಲ, ಗುಬ್ಬಿಗಳು ಬಂದು ಹೆಕ್ಕತೊಡಗಿದವು.

"ಇದ್ಯಾಕ?"

"ಮದಲ ತುತ್ತು ಸಾಹೇಬ್ರ. ನಮ್ಮಪ್ಪನ ಕಾಲದಿಂದ ಐತಿ. ಬರೇ ಹೊಟ್ಟಿಲೆ ಕೊಳವಿ ಕುಲುಮಿ ದಾಟಬಾರದು."

"ಎಲ್ಲಾ ಕೊಳವಿಗೂ ಹಾಕ್ತೀಯೇನು?"

"ಎಲ್ಲಾ ಕೊಳವಿಗೂ."

ಇನ್‌ಸ್ಪೆಕ್ಟರ್ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಅಪ್ಪಚ್ಚಿಯಾದ ಎರಡು ಕಾಳು ಜೋಳ.

"ಹಂಗಾದ್ರ ಇವು ನಿನ್ನವು. ಅಂಜಿನಪ್ಪನ ಬಂದೂಕದ ಬಿರಡಿ ಸಂದ್ಯಾಗ ಸಿಕ್ಕವು."

ತಿದಿ ಒತ್ತುತ್ತಿದ್ದ ಹೆಂಡತಿ ವೀರಭದ್ರಮ್ಮನ ಕೈ ನಿಂತಿತು. ಇತ್ತ ಗಾದಿಲಿಂಗಪ್ಪ ಅಂಗಳದ ಕೂರಿಗೆಗಳನ್ನು ಒಂದೊಂದಾಗಿ ಬೆತ್ತದಿಂದ ಬಡಿಯುತ್ತ ಹೋದ. ಠಣ್, ಠಣ್ ಎನ್ನುತ್ತಿದ್ದದ್ದು ಕೊನೆಯ ಕೂರಿಗೆಯಲ್ಲಿ ಎರಡು ಸಲ ಟೊಕ್, ಟೊಕ್ ಎಂದಿತು. ಕಪ್ಪು ಬಣ್ಣದ ಕೆಳಗೆ ಬಿದಿರು.

ಮೌನಪ್ಪ ಇಲ್ಲ ಎನ್ನಲಿಲ್ಲ. ಅವನು ಕೇಳಿದ ಮೊದಲ ಮಾತು ಬೇರೆಯೇ ಆಗಿತ್ತು.

"ಸಾಹೇಬ್ರ, ಇನ್ನೊಂದು ಸಿಕ್ಕೈತೇನ್ರಿ?"

"ಇನ್ನೊಂದು ಎಲ್ಲೈತಿ?"

"ಆಚಿ ದಂಡ್ಯಾಗ. ನನ ಮಗಳ ಮನ್ಯಾಗ." ಅವನು ಕೊಳವೆಯನ್ನು ಕೆಳಗಿಟ್ಟ. "ಅದೂ ಇದಽ ಕೊಳವಿ. ಅದೂ ಒಡೀತೈತ್ರಿ. ಅಳಿಯ ಕಾವಲಿಗೆ ಹಿಡಕೊಂಡು ನಿಂದ್ರತಾನ. ಯಾವತ್ತ ಸುಡ್ತಾನೋ ಅವತ್ತ..."

ಮುಂದಿನದನ್ನು ಪ್ರಶ್ನೆ ಕೇಳಿ ಕೇಳಿ ಹೊರಡಿಸಬೇಕಾಯಿತು.

"ಬೀಜದ ಕೊಳವಿ ಮದ್ದು ತಡಿಯಂಗಿಲ್ಲ ಅಂತ ಗೊತ್ತಿರಲಿಲ್ಲೇನು?"

"ಅನುಮಾನ ಇತ್ರಿ. ತಡೀತೈತಿ ಅಂತ ಮನಸಿಗೆ ಹೇಳಿಕೊಂಡೆ."

"ಸುಟ್ಟು ನೋಡಿದೇನು?"

ಮೌನಪ್ಪ ಕುಲುಮೆಯ ಬೂದಿಯನ್ನು ಇಕ್ಕಳದಿಂದ ಕೆದಕಿದ.

"ಊರಾಗ ಸುಟ್ರ ಸಪ್ಪಳ ಆಗ್ತೈತಿ, ಪೊಲೀಸರು ಬರ್ತಾರ ಅಂತ ಅಂಜಿಕಿ ಆತು. ಮದಲನೇದು ಹಂಗಽ ಕಳಿಸಿದೆ. ಎರಡನೇದು ಕೊಡೋವಾಗ, 'ಅಂಜಿನಪ್ಪ, ಹೊಳಿ ದಂಡ್ಯಾಗ ಒಮ್ಮೆ ಸುಟ್ಟು ನೋಡಿ ದಾಟಿಸು' ಅಂದೆ. ನನ ಕೈಯಾಗ ಆಗಬೇಕಾದ್ದು ಅವನ ಕೈಯಾಗ ಆತು. ಅವ ಒಂದು ಬಿಡಿಗಾಸು ಮುಟ್ಟಿರಲಿಲ್ರಿ. ಹೆಣ್ಣುಮಕ್ಕಳ ಮನಿ ಉಳೀಲಿ ಅಂದಿದ್ದ."

"ಸರ್ಕಾರದ ಹತ್ರ ಕೇಳಬಾರದಾಗಿತ್ತೇನು? ಲೈಸೆನ್ಸು, ಪರವಾನಗಿ..."

"ಕೇಳಿದ್ನಲ್ರಿ. ಯುಗಾದಿ ಆದಮ್ಯಾಲೆ ನಿಮ್ಮ ಠಾಣಿಗೆ ಬಂದಿದ್ನಿ. ಅಳಿಯಗ ಒಂದು ಬಂದೂಕು ದಾಟಿಸಾಕ ಅಪ್ಪಣೆ ಕೊಡ್ರಿ ಅಂದೆ. ಹೊರಗ ಕುಂದ್ರು ಅಂದ್ರಿ. ಸಂಜಿಗೆ, ಆಗಂಗಿಲ್ಲ ಹೋಗು ಅಂದ್ರಿ."

ತಿಪ್ಪೇರುದ್ರಪ್ಪನವರು ನೆನಪಿಸಿಕೊಳ್ಳಲು ನೋಡಿದರು. ಅಂಥವರು ಎಷ್ಟೋ ಜನ ಬಂದಿದ್ದರು, ಈ ಮುಖ ನೆನಪಿಗೆ ಬರಲಿಲ್ಲ. ಕಾಯಿದೆಯ ಪ್ರಕಾರ ತಾವು ಹೇಳಿದ್ದು ಸರಿಯೇ ಆಗಿತ್ತು. ಆದರೂ ಅವರಿಗೆ ನಾಚಿಕೆಯಾಯಿತು.

ವಿಚಾರಣೆಗೆಂದು ಮೌನಪ್ಪನನ್ನು ಸಿರುಗುಪ್ಪಕ್ಕೆ ಕರೆತಂದರು. ಬಂದ ಕೂಡಲೇ ಇನ್‌ಸ್ಪೆಕ್ಟರ್ ಬಳ್ಳಾರಿಗೆ ತಂತಿ ಕೊಟ್ಟರು: ಆಚೆ ದಂಡೆಯಲ್ಲಿ ಜೀವಾಪಾಯವಿದೆ, ಎಚ್ಚರಿಸಲು ಒಬ್ಬನನ್ನು ದಾಟಿಸಲು ಅನುಮತಿ ಬೇಕು. ಶುಕ್ರವಾರ ಬೆಳಿಗ್ಗೆ ಉತ್ತರ ಬಂತು. ಯಾರೂ ಗಡಿ ದಾಟುವಂತಿಲ್ಲ. ಸರ್ಕಾರದ ಉಕ್ಕು ಶಸ್ತ್ರವಾಗಿ ಪರರಾಜ್ಯಕ್ಕೆ ರಫ್ತಾಗುವ ತನಕ ಠಾಣೆ ಏನು ಮಾಡುತ್ತಿತ್ತು ಎಂಬುದಕ್ಕೆ ಸಮಜಾಯಿಷಿ ಕಳಿಸತಕ್ಕದ್ದು.

ಇನ್‌ಸ್ಪೆಕ್ಟರ್ ತಂತಿಯನ್ನು ಮಡಚಿ ಜೇಬಿಗಿಟ್ಟು ರಾರಾವಿಗೆ ಹೊರಟರು. ದೂರುದಾರಳಿಗೆ ಗಂಡನ ಸಾವಿನ ಕಾರಣ ತಿಳಿಸುವುದು ಅವರ ಕೆಲಸವೇ ಆಗಿತ್ತು. ಯಾವುದನ್ನೂ ಮುಚ್ಚಿಡದೆ, ಮೌನಪ್ಪನ ಮಗಳ ಹೆಸರು, ಊರು ಸಮೇತ ಹೇಳಿದರು. ಕಂಬಕ್ಕೆ ಒರಗಿ ಕೂತಿದ್ದ ಹನುಮಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ತಾ ಸುಡಾಕ ಅಂಜಿ ನನ ಗಂಡಗ ಸುಡು ಅಂದ್ನೇನ್ರಿ ಅವ?"

"ಹೌದಮ್ಮ."

"ಅವನ ಮಗಳ ಗಂಡ ಇನ್ನೂ ಅದಾನೇನು?"

"ಅದಾನ ಅಂತ ಅನಕೊಂಡೀನಿ. ಹೇಳಿ ಬರಾಕ ನಮಗ ಹುಕುಂ ಇಲ್ಲ."

ಹನುಮಮ್ಮ ಹೊಳೆಯ ಕಡೆ ನೋಡಿದಳು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮದುವೆಯಾದಂದಿನಿಂದ ಗಂಡನ ಜೊತೆ ಹುಟ್ಟು ಹಾಕಿದವಳು ಆಕೆ.

"ನಮ್ಮ ಹರಗೋಲು ಯಾರ ತಾಬಾದಾಗ ಐತ್ರಿ?"

"ನಮ್ಮ ತಾಬಾದಾಗ. ಇವತ್ತು ಗಾದಿಲಿಂಗಪ್ಪ ಕಾಯ್ತಾನ." ಇನ್‌ಸ್ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡರು. "ಅವನಿಗೆ ಮಧ್ಯಾಹ್ನ ಊರಾಗ ಊಟಕ್ಕ ಹೇಳ್ಯಾರ. ಉಂಡರ ಮಲಗೋ ಚಾಳಿ ಅವಂದು."

ಗಾದಿಲಿಂಗಪ್ಪನಿಗೆ ಅಂಥ ಚಾಳಿ ಯಾವತ್ತೂ ಇರಲಿಲ್ಲ. ಆದರೂ ಅವತ್ತು ಗೌಡರ ಕಟ್ಟೆಯ ಮೇಲೆ ಸಂಜೆಯ ತನಕ ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡಿದ್ದ. ತನಗೆ ಒಂದು ಚೂರೂ ನಿದ್ದೆ ಬರಲಿಲ್ಲವೆಂದು ಆಮೇಲೆ ಅವನೇ ಹೇಳಿದ.

ಸಿರುಗುಪ್ಪ ಠಾಣೆಯಲ್ಲಿ ಮೌನಪ್ಪ ತನಗೆ ಕೊಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ. ಹೊರಗೆ ಗಾಡಿಯ ಸಪ್ಪಳವಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ದಸ್ತಗಿರಿಯ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು, ಇನ್‌ಸ್ಪೆಕ್ಟರ್ ಅದಕ್ಕಿನ್ನೂ ರುಜು ಹಾಕಿರಲಿಲ್ಲ. ರುಜು ಬಿದ್ದರೆ ಅವನು ಬಳ್ಳಾರಿಯ ಜೈಲಿಗೆ ಹೋಗಬೇಕು, ಆಚೆ ದಂಡೆಯ ಸುದ್ದಿ ಅಲ್ಲಿಗೆ ಮುಟ್ಟುವುದಿಲ್ಲ.

ಶನಿವಾರ, ಜುಲೈ ೧೭, ಬೆಳಿಗ್ಗೆ ಹನುಮಮ್ಮ ಗಾದಿಲಿಂಗಪ್ಪನ ಹಿಂದೆ ಠಾಣೆಗೆ ಬಂದಳು. ಕಂಬಳಿಯಲ್ಲಿ ಸುತ್ತಿದ್ದ ಉದ್ದನೆಯ ವಸ್ತುವನ್ನು ಮೇಜಿನ ಮೇಲಿಟ್ಟಳು. ಅಂಗೈಗಳಲ್ಲಿ ಹುಟ್ಟು ಹಾಕಿ ಬೊಬ್ಬೆ ಎದ್ದಿದ್ದವು. ಕಂಬಳಿ ಬಿಚ್ಚಿದಾಗ ಎರಡನೇ ಬಂದೂಕು ಕಾಣಿಸಿತು. ಅದು ಇಡಿಯಾಗಿತ್ತು.

ಮೌನಪ್ಪ ನೆಲಕ್ಕೆ ಕುಸಿದು ಆಕೆಯ ಕಾಲಿನತ್ತ ಕೈ ಚಾಚಿದ. ಹನುಮಮ್ಮ ಹಿಂದೆ ಸರಿದಳು.

"ಮುಟ್ಟಬ್ಯಾಡ," ಎಂದಳು. "ನಿನ್ನ ಮಗಳು ಈರಮ್ಮಗ ನಾ ಯಾರಂತ ಹೇಳಿಲ್ಲ. ನಿಮ್ಮಪ್ಪ ಹೇಳಿ ಕಳಿಸ್ಯಾನ, ಬಂದೂಕು ಬರೋಬರಿ ಇಲ್ಲಂತ, ವಾಪಸ್ ಕೊಡು ಅಂದೆ. ಅಳಿಯ ಆರಾಮ ಅದಾನ. ಹಸದು ಬಂದಿ ಅಕ್ಕಾ ಅಂತ ಆಕಿ ರೊಟ್ಟಿ ಬಡದು ಹಾಕಿದಳು. ತಿಂದು ಬಂದೆ."

ಮೌನಪ್ಪ ಬಾಯಿಗೆ ಟವೆಲು ತುರುಕಿಕೊಂಡು ಅತ್ತ.

ಬಂದೂಕನ್ನು ಪಂಚರ ಎದುರು ಬಿಚ್ಚಲಾಯಿತು. ಬಿರಡೆಯ ಸಂದಿನಲ್ಲಿ ಒಂದು ಕಾಳು ಜೋಳವಿತ್ತು. ಅದನ್ನು ಕಂಡು ಮೌನಪ್ಪ ಕೇಳಿದ:

"ಸಾಹೇಬ್ರ, ಒಡದದ್ದು ಕೊಳವಿ ತೆಳ್ಳಗಿತ್ತಂತಲೋ, ಇಲ್ಲ ನಾ ಹಾಕಿದ ಕಾಳಿನಿಂದ ಬಿರಡಿ ಸರಿ ಕುಂದರಲಿಲ್ಲಂತಲೋ?"

ಪರೀಕ್ಷಕರ ವರದಿ ಮದರಾಸಿನಿಂದ ಬರಲು ಇನ್ನೂ ತಿಂಗಳುಗಳಿದ್ದವು. ಇನ್‌ಸ್ಪೆಕ್ಟರಿಗೆ ನಿಜ ಗೊತ್ತಿರಲಿಲ್ಲ.

"ಕೊಳವಿ ತೆಳ್ಳಗಿತ್ತು," ಎಂದರು. "ಕಾಳಿಂದೇನೂ ಇಲ್ಲ."

ಹತ್ತು ಗಂಟೆಗೆ ದಸ್ತಗಿರಿಯ ಕಾಗದಕ್ಕೆ ರುಜು ಬಿತ್ತು. ಲೈಸೆನ್ಸಿಲ್ಲದೆ ಶಸ್ತ್ರ ತಯಾರಿಕೆ, ಗಡಿ ದಾಟಿಸಿದ್ದು, ಸರ್ಕಾರದ ಮಾಲಿನ ದುರುಪಯೋಗ, ನಿರ್ಲಕ್ಷ್ಯದಿಂದ ಸಾವು. ಎರಡನೇ ಬಂದೂಕು ರಾರಾವಿಯ ಹೊಳೆ ದಂಡೆಯಲ್ಲಿ ದೊರೆಯಿತು ಎಂದು ಪಂಚನಾಮೆಯಲ್ಲಿ ಬರೆದರು. ಹರಿಗೋಲಿನ ಹಗ್ಗ ಹಸಿಯಾಗಿದ್ದುದನ್ನು ಬರೆಯಲಿಲ್ಲ.

ಮೌನಪ್ಪನಿಗೆ ದುಡ್ಡಿನಾಸೆ ಇರಲಿಲ್ಲ, ಜಗಳ ಇರಲಿಲ್ಲ. ಆಚೆ ದಂಡೆಯಲ್ಲಿ ಬೆಂಕಿ ಎಂಬ ಸುದ್ದಿ ಬಂದಾಗಲೆಲ್ಲ ಅದು ಮಗಳ ಮನೆಯದೋ ಎಂದು ಕಾಯುತ್ತ ಕೂರಬೇಕಾಗಿದ್ದ ಒಬ್ಬ ತಂದೆ ಅವನು, ಕೈಗೆ ಸಿಕ್ಕಿದ್ದು ಬೀಜದ ಕೊಳವೆ. ಕೇಸಿನ ಕಾಗದಗಳಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ.

ಬಳ್ಳಾರಿ ಬಸ್ಸು ಹತ್ತಿಸುವ ಮುನ್ನ ಗಾದಿಲಿಂಗಪ್ಪ ಅವನ ಮುಂದೆ ಬುತ್ತಿ ಬಿಚ್ಚಿಟ್ಟ. ಮೌನಪ್ಪ ರೊಟ್ಟಿಯ ತುದಿ ಮುರಿದ, ಮೊದಲ ತುತ್ತನ್ನು ರೂಢಿಯಂತೆ ಗುಬ್ಬಿಗೆ ಹಾಕಲು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಆ ತುತ್ತನ್ನು ಬುತ್ತಿಯಲ್ಲೇ ಇಟ್ಟು, ಬಟ್ಟೆ ಕಟ್ಟಿ, ಬಸ್ಸು ಹತ್ತಿದ.