ಚುಕ್ಕಿಯ ಮೊಟ್ಟೆಗೆ ಒಂದು ಬಟ್ಟಲು ನೀರು

“ಅಜ್ಜೀ, ನೀರಿನ ಬಟ್ಟಲು ಎಲ್ಲಿ?”

ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ ಪ್ರತಿಮಾ ಕೂಗಿದಳು. ಥರ್ಮೋಕೋಲ್ ಪೆಟ್ಟಿಗೆಯ ಗಾಜಿನ ಕಿಟಕಿಯಲ್ಲಿ ಬಲ್ಬು ಕಾಣುತ್ತಿತ್ತು, ಮೊಟ್ಟೆಗಳು ಕಾಣುತ್ತಿದ್ದವು. ಬಟ್ಟಲು ಮಾತ್ರ ಮಾಯ!

“ನಾನೇ ತೆಗ್ದಿಟ್ಟೆ ಕಣೇ,” ಅಂದಳು ಶೇಷಮ್ಮಜ್ಜಿ. “ಗಾಜೆಲ್ಲ ಬೆವ್ತು ನೀರಿಳೀತಿತ್ತು. ಬೂಷ್ಟು ಹಿಡಿಯಲ್ವಾ? ಒಳಗೂ ಒಣಬಟ್ಟೇಲಿ ಒರೆಸಿದೀನಿ.”

ಅಜ್ಜಿಗೆ ತೇವ ಕಂಡರೆ ಆಗದು. ಮಳೆಗಾಲದಲ್ಲಿ ಹಪ್ಪಳದ ಡಬ್ಬಿಯಿಂದ ಹಿಡಿದು ಪ್ರತಿಮಾಳ ಸಾಕ್ಸ್‌ವರೆಗೆ ಎಲ್ಲವನ್ನೂ ಒಲೆಯ ಹತ್ತಿರ ಸಾಗಿಸುವವಳು ಅವಳು. ಈಗ ಬಿಸಿಲಿದ್ದರೂ ಅಭ್ಯಾಸ ಬಿಡಬೇಕಲ್ಲ!

ಕಾವಿಗೆ ಕೂತಿದ್ದ ಚುಕ್ಕಿ ಕೋಳಿಯನ್ನು ಮುಂಗುಸಿ ಕೊಂದಾಗ ಪ್ರತಿಮಾ ಊಟ ಬಿಟ್ಟು ಅತ್ತಿದ್ದಳು. ಉಳಿದದ್ದು ಅದರ ಮೊಟ್ಟೆಗಳು ಮಾತ್ರ. ರಿಪ್ಪನ್‌ಪೇಟೆಯಲ್ಲಿ ಕೋಳಿ ಫಾರಂ ಇಟ್ಟಿರುವ ಕಾಂತರಾಜ್ ಮಾವ ಅವುಗಳಿಗಾಗಿ ಈ ಪೆಟ್ಟಿಗೆ ಮಾಡಿಕೊಟ್ಟಿದ್ದರು.

ಬೆಳಿಗ್ಗೆ ಒಂದು ಮೊಟ್ಟೆ ಬಿರುಕು ಬಿಟ್ಟು, ಪುಟ್ಟ ಕೊಕ್ಕು ಇಣುಕಿತ್ತು. ಈಗಲೂ ಅಷ್ಟೇ ಕಾಣುತ್ತಿತ್ತು. ತೂತಿನ ಸುತ್ತಲಿನ ಬಿಳಿ ಪೊರೆ ಒಣಗಿ ಕಾಗದದ ಹಾಗಾಗಿತ್ತು.

ಪ್ರತಿಮಾ ಮಾವನಿಗೆ ಫೋನ್ ಮಾಡಿದಳು.

“ಪೊರೆ ಮರಿಗೆ ಅಂಟಿಕೊಂಡಿರುತ್ತೆ ಪುಟ್ಟಿ. ಬೇಗ ಬೆಚ್ಚಗಿನ ನೀರಿಡು, ಜೊತೆಗೆ ಒಂದು ಒದ್ದೆ ಬಟ್ಟೆ. ಆಮೇಲೆ ಮುಚ್ಚಳ ತೆಗೀಲೇಬೇಡ. ತೆಗೆದ್ರೆ ತೇವ ಎಲ್ಲಾ ಹೊರಗೆ ಹೋಗುತ್ತೆ.”

“ನಾನೇ ಸಿಪ್ಪೆ ಬಿಡಿಸ್ಲಾ ಮಾವ?”

“ಬೇಡ ಬೇಡ! ಪೊರೇಲಿ ಇನ್ನೂ ರಕ್ತ ಓಡ್ತಿರುತ್ತೆ. ಕಿತ್ರೆ ಸತ್ತೇ ಹೋಗುತ್ತೆ.”

ಪ್ರತಿಮಾ ಎಲ್ಲವನ್ನೂ ಸರಸರ ಒಳಗಿಟ್ಟು ಮುಚ್ಚಳ ಮುಚ್ಚಿದಳು. ಆಮೇಲೆ ಅವಳ ಸಿಟ್ಟು ನೆತ್ತಿಗೇರಿತು.

“ಎಲ್ಲಾ ನಿನ್ನಿಂದ! ಮರಿ ಸತ್ರೆ ನಿನ್ ಹತ್ರ ಮಾತೇ ಆಡಲ್ಲ ನಾನು!”

ಅಜ್ಜಿಯ ಮುಖ ಸಪ್ಪಗಾಯಿತು. ಜಗಲಿಗೆ ಹೋಗಿ ಕೂತಳು.

ಗಾಜಿನ ಮೇಲೆ ಮೆಲ್ಲಗೆ ಹಬೆ ಕಟ್ಟಿತು. ಕೊಕ್ಕು ಕಾಣಲಿಲ್ಲ. ಮರಿ ಬದುಕಿದೆಯೋ ಇಲ್ಲವೋ? ಒಂದೇ ಒಂದು ಸಲ ಮುಚ್ಚಳ ಎತ್ತಿದರೆ ಏನಾದೀತು? ಪ್ರತಿಮಾಳ ಬೆರಳುಗಳು ತುರಿಸತೊಡಗಿದವು. ಕೊನೆಗೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸಣ್ಣಗೆ ಕೇಳಿಸಿತು, “ಚಿಂವ್.”

“ಅಜ್ಜೀ, ಓಡಿ ಬಾ!” ಸಿಟ್ಟು ಎಲ್ಲಿ ಹೋಯಿತೋ!

ಇಬ್ಬರೂ ಗಾಜಿಗೆ ಮೂಗು ಒತ್ತಿ ನೋಡಿದರು. ಹಬೆಯ ಹಿಂದೆ ಚಿಪ್ಪು ಎರಡು ಹೋಳಾಯಿತು. ಮರಿ ಹೊರಗೆ ಉರುಳಿ ಬಿತ್ತು. ಮೈಯೆಲ್ಲ ಒದ್ದೆ.

“ಅಯ್ಯೋ ಪಾಪ, ಥಂಡಿ ಆಗುತ್ತಲ್ಲೇ! ಒರೆಸ್ಲಾ?” ಅಜ್ಜಿ ಆಗಲೇ ಸೆರಗು ಹಿಡಿದು ಮುಚ್ಚಳಕ್ಕೆ ಕೈಹಾಕಿದ್ದಳು.

‘ಬೇಡ’ ಎಂದು ಕಿರುಚಲು ಪ್ರತಿಮಾ ಬಾಯಿ ತೆರೆದಳು. ಆದರೆ ಅಜ್ಜಿ ಮುಚ್ಚಳ ಎತ್ತದೆ ಅವಳ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಜಗಲಿಯಲ್ಲಿ ಅಜ್ಜಿಯೂ ಹೆದರಿಕೊಂಡೇ ಕೂತಿದ್ದಳು ಎಂದು ಪ್ರತಿಮಾಗೆ ಆಗ ಹೊಳೆಯಿತು.

ಮುಚ್ಚಳದ ಮೇಲಿದ್ದ ಅಜ್ಜಿಯ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

“ಒಳಗೇ ಒಣಗುತ್ತೆ ಅಜ್ಜಿ. ನಾವು ಸುಮ್ನೆ ನೋಡಣ.”

ಪಕ್ಕದ ಮೊಟ್ಟೆ ಅಲ್ಲಾಡಿತು. ಅಜ್ಜಿಯ ಕೈಯನ್ನು ಪ್ರತಿಮಾ ಬಿಡಲಿಲ್ಲ.