ಗಿಟಾರಿನ ಕತ್ತಿನಲ್ಲಿ ಕನ್ನಡ ಅಂಕಿ

"ಮೇಡಂ, ಗಿಟಾರ್ ರಿಪೇರಿ ಇಲ್ಲೇನಾ?"

ಆ ದನಿ ಕೇಳಿದ್ದೇ ತಡ, ಹಂಸಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು.

ಶಶಿಕಾಂತ್! ಏಳು ವರ್ಷ ಆದಮೇಲೆ, ಜಯನಗರ ಒಂಬತ್ತನೇ ಬ್ಲಾಕಿನ ಇದೇ ಬಾಗಿಲಲ್ಲಿ… ಅದೇ ಹಳೇ ಕಪ್ಪು ಪೆಟ್ಟಿಗೆ ಹಿಡಿದು!

ಮೇಡಂ ಅಂತೆ! ಒಂದು ಕಾಲದಲ್ಲಿ 'ಲೇ ಹಂಸಾ' ಅಂತ ರಸ್ತೆಯಿಂದಲೇ ಕೂಗುತ್ತಿದ್ದ ಮಹಾನುಭಾವ ಇವನು. ಅವಳಿಗೆ ಅಳು ಬರಬೇಕೋ ಕೋಪ ಬರಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಬನ್ನಿ, ಕೂತ್ಕೊಳ್ಳಿ," ಎಂದಳು. ಅವನು ಮೇಡಂ ಅಂದಮೇಲೆ ಇವಳು ಬಿಟ್ಟಾಳೆಯೇ?

"ಕೂರಲ್ಲ. ಅಪ್ಪನ ಬೇಸ್ ಗಿಟಾರು. ಕೋಣನಕುಂಟೆ ಮನೆ ಖಾಲಿ ಮಾಡ್ತಿದೀನಿ. ಒಳಗಿನ ಪಾರ್ಟ್ಸ್ ಏನಾದ್ರೂ ಉಪಯೋಗಕ್ಕೆ ಬಂದ್ರೆ ತಗೊಳ್ಳಿ. ಹೇಗೂ ನಕಲಿ ತಾನೆ? ನೀವೇ ಹೇಳಿದ್ರಲ್ಲ."

"ಅಂಕಲ್…?"

"ಹೋಗ್ಬಿಟ್ರು. ಮೂರು ವರ್ಷ ಆಯ್ತು."

ಅವನಪ್ಪ ಗುರುಬಸಪ್ಪ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತಿದ್ದವರು. ಮದ್ರಾಸಿನಲ್ಲಿ ಹಡಗಿನವನೊಬ್ಬ ಕೊಟ್ಟು ಹೋದದ್ದು, ಅರವತ್ತಾರನೇ ಇಸವಿಯ ಅಸಲಿ ಅಮೆರಿಕನ್ ಬೇಸ್ ಎಂದು ಸಿಕ್ಕವರಿಗೆಲ್ಲ ಹೇಳುವುದು ಅವರ ಅಭ್ಯಾಸ. ನಿಜವೋ ಬುರುಡೆಯೋ ನೋಡೋಣ ಎಂದು ಏಳು ವರ್ಷದ ಹಿಂದೆ ಶಶಿಕಾಂತ್ ಅದನ್ನು ತಾನು ಪ್ರೀತಿಸಿದ ಹುಡುಗಿಯ ಹತ್ತಿರವೇ ತಂದಿದ್ದ.

ಹಂಸಾ ಆಗಷ್ಟೇ ಆರು ತಿಂಗಳ ಗಿಟಾರ್ ರಿಪೇರಿ ಕೋರ್ಸ್ ಮುಗಿಸಿದ್ದಳು. ಸ್ಕ್ರೂ ಬಿಚ್ಚಿ ಗಿಟಾರಿನ ಉದ್ದನೆಯ ಕತ್ತನ್ನು ಬೇರ್ಪಡಿಸಿದರೆ ಅದರ ಬುಡದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: ೧೪-೯-೮೮.

"ಅಮೆರಿಕಾದವರು ಯಾವಾಗಿಂದ ಕನ್ನಡ ಅಂಕಿ ಬರಿಯೋಕ್ ಶುರು ಮಾಡಿದ್ರು?" ಎಂದು ನಕ್ಕುಬಿಟ್ಟಳು. ಇಲ್ಲೇ ಎಲ್ಲೋ ಎಂಬತ್ತೆಂಟರಲ್ಲಿ ಮಾಡಿದ್ದು ಎಂದು ಹತ್ತೇ ನಿಮಿಷದಲ್ಲಿ ತೀರ್ಪನ್ನೂ ಕೊಟ್ಟಳು.

ಮುಂದಿನ ವಾರ ಶಶಿಕಾಂತ್ ಗೇಟಿನ ಹತ್ತಿರ ನಿಂತು "ಹೋಗ್ತೀನಿ" ಎಂದ. ಯಾವತ್ತೂ "ಬರ್ತೀನಿ" ಅನ್ನುತ್ತಿದ್ದವನು! ಕಾರಣ ಹೇಳಲಿಲ್ಲ. ತಾನು ನಕ್ಕಿದ್ದಕ್ಕೆ ಅವಮಾನವಾಯಿತೇನೋ ಎಂದುಕೊಂಡು ಅವಳು ಏಳು ವರ್ಷ ತನ್ನ ನಗುವನ್ನೇ ಶಪಿಸಿದ್ದಳು.

"ಇನ್ನೊಂದ್ಸಲ ನೋಡ್ಲಾ?" ಎಂದಳು ಈಗ.

"ನೋಡೋಕೇನಿದೆ?" ಎಂದನೇ ಹೊರತು ಹೋಗಲಿಲ್ಲ.

ನಾಲ್ಕು ಸ್ಕ್ರೂ. ಕತ್ತು ಕೈಗೆ ಬಂತು. ಅದೇ ತಾರೀಕು. ಆದರೆ ಆ ಒಂಬತ್ತು… ಕೊನೆಯಲ್ಲಿ ಇಷ್ಟುದ್ದ ಎಳೆದ ಗೀಟು!

ಹಂಸಾ ಕತ್ತನ್ನು ಬೆಳಕಿಗೆ ಹಿಡಿದಳು.

ಇದು ಪಿಳ್ಳಣ್ಣ ಮೇಷ್ಟ್ರ ಕೈಬರಹ! ಶಶಿಕಾಂತ್ ದೂರವಾದ ಮೇಲೆ ವಿಲ್ಸನ್ ಗಾರ್ಡನ್ನಿನ ಅವರ ಅಂಗಡಿಯಲ್ಲಿ ಅವಳು ಮೂರು ವರ್ಷ ಕೆಲಸ ಕಲಿತಿದ್ದಳು. ಯಾವ ವಾದ್ಯ ಬಿಚ್ಚಿದರೂ ಮುಚ್ಚುವ ಮೊದಲು ಆ ದಿನದ ತಾರೀಕನ್ನು ಒಳಗೆ ಕನ್ನಡದಲ್ಲಿ ಬರೆಯುವುದು ಅವರ ಪದ್ಧತಿ. ಅದು ಗಿಟಾರು ಹುಟ್ಟಿದ ದಿನವಲ್ಲ, ರಿಪೇರಿಯಾದ ದಿನ!

ಟಾರ್ಚನ್ನು ಓರೆಯಾಗಿ ಹಿಡಿದಳು. ಪೆನ್ಸಿಲ್ ಗೆರೆಗಳ ಅಡಿಯಲ್ಲಿ ಮಸುಕಾದ ಮುದ್ರೆ: ಮೇ 66. ಗುಂಡಿಗಳಿದ್ದ ತಗಡನ್ನೂ ಬಿಚ್ಚಿದಳು. ದನಿ ಏರಿಳಿಸುವ ಗುಂಡಿಗೆ ಜೋಡಿಸಿದ ಪುಟ್ಟ ಡಬ್ಬಿಯ ಬೆನ್ನ ಮೇಲೆ 1376612. ಮೊದಲ ಮೂರು ಅಂಕಿ ಕಂಪನಿಯ ಗುರುತು, ಆಮೇಲೆ ಅರವತ್ತಾರನೇ ಇಸವಿ, ಹನ್ನೆರಡನೇ ವಾರ. ಬೆಸುಗೆಯನ್ನು ಅಂದಿನಿಂದ ಯಾರೂ ಮುಟ್ಟಿರಲಿಲ್ಲ.

"ಅಂಕಲ್… ಕೊನೇವರ್ಗೂ ಇದನ್ನ ನುಡಿಸ್ತಿದ್ರಾ?" ಎಂದು ಕೇಳಿದಳು.

"ಎಲ್ಲಿ! ನೀವು ಹೇಳಿದ್ದನ್ನ ಅವರ ಫ್ರೆಂಡ್ಸ್ ಎದುರಿಗೇ ಅಂದ್ಬಿಟ್ಟೆ. 'ಸಾಕು ನಿಲ್ಸಪ್ಪ ನಿನ್ನ ಬುರುಡೆ' ಅಂತ. ಅಪ್ಪ ಜಗಳಾನೂ ಆಡ್ಲಿಲ್ಲ. 'ಆ ಹುಡುಗಿ ಕಲ್ತಿರೋಳು, ಅವಳು ಹೇಳಿದ್ರೆ ಸರಿ ಇರ್ಬೇಕು' ಅಂದ್ರು. ಆಮೇಲೆ ಪೆಟ್ಟಿಗೆ ತೆಗೀಲೇ ಇಲ್ಲ. ನಿಮ್ಮ ಮುಖ ನೋಡಿದ್ರೆ ನಂಗೆ ಅದೇ ನೆನಪಾಗೋದು… ಅದಕ್ಕೇ ಬರೋದ್ ಬಿಟ್ಟೆ."

ಹಂಸಾ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

'ಹೇಳದೆ ಮುಚ್ಚಿಬಿಡಲೇ? ನಾಲ್ಕು ಸ್ಕ್ರೂ ತಿರುಗಿಸಿದರೆ ಮುಗಿಯಿತು. ಹೇಳಿದರೆ ಇವನು ಇನ್ನು ಜನ್ಮದಲ್ಲಿ ಈ ಬಾಗಿಲಿಗೆ ಬರುವುದಿಲ್ಲ…'

"ಶಶಿ, ತಪ್ಪು ನಂದು," ಎಂದಳು. "ಅಂಕಲ್ ಹೇಳಿದ್ದೇ ನಿಜ. ಇದು ಅರವತ್ತಾರರದ್ದೇ. ಆ ಕನ್ನಡ ಅಂಕಿ ರಿಪೇರಿ ತಾರೀಕು. ಅವತ್ತು ನಂಗೆ ಗೊತ್ತಿರ್ಲಿಲ್ಲ… ಸರಿಯಾಗಿ ನೋಡ್ಲೂ ಇಲ್ಲ."

ಮುದ್ರೆಯನ್ನೂ ಅಂಕಿಗಳನ್ನೂ ಒಂದೊಂದಾಗಿ ತೋರಿಸಿದಳು. ಅವನು ನೋಡಿದ. ಕೂರಲ್ಲ ಎಂದಿದ್ದವನು ಸ್ಟೂಲಿನ ಮೇಲೆ ಕುಸಿದ.

"ಈಗ ಯಾರಿಗ್ ಹೇಳ್ಲಿ ಹಂಸಾ? 'ಅಪ್ಪ, ನೀನು ಹೇಳಿದ್ದೇ ಸರಿ' ಅಂತ ಯಾರ ಹತ್ರ ಹೋಗಿ ಹೇಳ್ಲಿ?"

ಹಂಸಾ ಕತ್ತನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು.

"ಹೇಳ್ದೆ ಮುಚ್ಚಬಹುದಿತ್ತಲ್ಲ…" ಎಂದ ಅವನು.

"ಮುಚ್ಚಿದ್ರೆ ನೀನು ನಂಗೆ ಸಿಗ್ತಿದ್ದೆ ಏನೋ. ಅಂಕಲ್ ಸುಳ್ಳುಗಾರರಾಗೇ ಉಳೀತಿದ್ರು." ಕಣ್ಣೀರು ಕೆನ್ನೆಗಿಳಿಯಿತು. "ಈಗ್ಲೂ ನಿನ್ನನ್ನೇ ಪ್ರೀತಿಸ್ತೀನಿ ಶಶಿ. ಅದಕ್ಕೇ ಮುಚ್ಚೋಕಾಗ್ಲಿಲ್ಲ."

ಅವನು ಆ ಅಂಕಿಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದು ಅವಳ ಕೈಗಿತ್ತ.

"ಇವತ್ತಿನ ತಾರೀಕು ಬರಿ. ಪಕ್ಕದಲ್ಲಿ ಅಪ್ಪನ ಹೆಸರು."

ಮೇಷ್ಟ್ರ ತಾರೀಕಿನ ಕೆಳಗೆ ಅವಳು ಬರೆದಳು. 'ಗುರುಬಸಪ್ಪ' ಸ್ವಲ್ಪ ಸೊಟ್ಟಗಾಯಿತು.

"ಕ್ಷಮಿಸೋಕಾಗುತ್ತೋ ಇಲ್ವೋ ಗೊತ್ತಿಲ್ಲ," ಎಂದ. "ನಿನ್ನನ್ನೂ… ನನ್ನನ್ನೂ."

"ಗೊತ್ತು."

"ತಂತಿ ತುಕ್ಕು ಹಿಡಿದಿದೆ."

"ಬದಲಾಯ್ಸಿ ಇಟ್ಟಿರ್ತೀನಿ."

ಅವನು ಬರಿಗೈಯಲ್ಲಿ ಹೊರಟ. ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತ.

"ಹಂಸಾ…"

"ಹೂಂ?"

"ಬರ್ತೀನಿ."



"ಹೂಂ… ಬಾ."