ಹದಿಮೂರು ಅಳತೆಗಳು

ಸೆಪ್ಟೆಂಬರ್ ಎಂಟು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರ್ಟಿಸ್‌ನ ನೆಲಮಾಳಿಗೆಯಲ್ಲಿ ಬಿಯರಿಗೆ ಮಾಲ್ಟ್ ಕುದಿಸಿದೆವು. ಸಂಜೆ ನಾಲ್ಕಕ್ಕೆ ಯೀಸ್ಟ್ ಹಾಕಿ ಮುಚ್ಚಿದೆವು. ಒಂಬತ್ತರಿಂದ ಇಪ್ಪತ್ತೊಂದರವರೆಗೆ ಪ್ರತಿದಿನ ಸಂಜೆ ಐದೂವರೆಗೆ ನಾನು ಬಂದು ಒಂದು ಲೋಟ ಬಿಯರ್ ತೆಗೆದು ಅದರ ಸಾಂದ್ರತೆ ಅಳೆದು ಬರೆದಿಟ್ಟೆ. ಇಪ್ಪತ್ತೆರಡರ ಮಧ್ಯಾಹ್ನ, ಬಾಟಲಿಗೆ ತುಂಬಬೇಕಿದ್ದ ದಿನ, ಮುಚ್ಚಳ ತೆಗೆದಾಗ ಮೇಲೆಲ್ಲ ಬಿಳಿಯ ಪೊರೆ ಕಟ್ಟಿತ್ತು.

ಆರಿದ ಹಾಲಿನ ಕೆನೆಯಂತೆ ಅದು ಸುಕ್ಕುಗಟ್ಟಿತ್ತು; ಅಲ್ಲಲ್ಲಿ ದಪ್ಪ ಗುಳ್ಳೆಗಳು.

ಕರ್ಟಿಸ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. "ಲೇಸ್ ಹಾಸಿದ ಹಾಗಿದೆ. ಮದ್ವೆಗೆ ಹೊಂದುತ್ತೆ."

"ತಮಾಷೆ ಬೇಡ. ಸೋಂಕು ಅದು."

ಮದುವೆ ಅವನ ಅಕ್ಕ ಜೋಲೀನಳದು, ಅಕ್ಟೋಬರ್ ಹನ್ನೆರಡಕ್ಕೆ. ಬಿಯರ್ ತನ್ನದೇ ಎಂದು ಬೇಸಿಗೆಯಲ್ಲೇ ಮಾತು ಕೊಟ್ಟಿದ್ದ. ಹೊಸದಾಗಿ ಕುದಿಸಿ ಹದಗೊಳಿಸಲು ಐದು ವಾರ ಬೇಕು. ಉಳಿದದ್ದು ಇಪ್ಪತ್ತು ದಿನ. ಬಿಯರ್ ಉಳಿದರೆ ಮದುವೆಯ ದಿನ ಅದನ್ನು ಬಗ್ಗಿಸಿಕೊಡುವವಳು ನಾನು. ಚರಂಡಿಗೆ ಸುರಿದರೆ, ಈ ನೆಲಮಾಳಿಗೆಗೆ ಮತ್ತೆ ಇಳಿದು ಬರಲು ನನಗೆ ಯಾವ ಕಾರಣವೂ ಇರಲಿಲ್ಲ.

ಡುಲೂತ್ ನಗರದ ನೀರು ಪರೀಕ್ಷಿಸುವುದು ನನ್ನ ಉದ್ಯೋಗ. ಸೋಂಕಿಗೆ ಮೂಲವಿರಲೇಬೇಕು.

"ರಬ್ಬರ್ ಕೊಳವೆ ತೊಳ್ದಿದ್ಯಾ?"

"ಎರಡ್ ಸಲ."

"ಸ್ಯಾನಿಟೈಸರ್‌ನಲ್ಲಿ ಎಷ್ಟೊತ್ತು ಇಟ್ಟಿದ್ದೆ?"

"ಗಡಿಯಾರ ಹಿಡ್ಕೊಂಡು ನಿಂತಿದ್ದು ನೀನು. ನನ್ನನ್ಯಾಕೆ ಕೇಳ್ತೀಯ?"

"ಬೆಕ್ಕು ಬಂದಿತ್ತಾ ಇಲ್ಲಿಗೆ?"

"ಬಂದಿತ್ತು. ಆದ್ರೆ ಕುಡ್ದಿಲ್ಲ, ಇನ್ಸ್‌ಪೆಕ್ಟರ್ ಮೇಡಂ. ಅದಕ್ಕಿನ್ನೂ ವಯಸ್ಸಾಗಿಲ್ಲ."

ನಗು ತಡೆದಾಗ ಅವನ ಎಡಗೆನ್ನೆ ಮಾತ್ರ ಒಳಸರಿಯುತ್ತದೆ. ಇದನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ. ಶಾಲಾ ಬಸ್ಸುಗಳನ್ನು ರಿಪೇರಿ ಮಾಡುವ ಆ ಕೈಗಳು ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ಗ್ರೀಸ್ ಉಳಿಸಿಕೊಳ್ಳುತ್ತವೆ. ಆ ಕ್ಷಣದಲ್ಲಿ ತಪ್ಪು ಅವುಗಳದೇ ಎಂದು ಸಾಬೀತುಪಡಿಸುವುದಷ್ಟೇ ನನಗೆ ಬೇಕಿತ್ತು.

ಬಿಯರ್ ಮಾಡುವ ಸಾಮಾನಿನ ಅಂಗಡಿಯ ಮುದುಕ ಲಾಯ್ಡ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಕೂದ್ಲು ಕೂದ್ಲಾಗಿ ಬೂಷ್ಟು ಬಂದಿದ್ಯೇನಮ್ಮ?"

"ಇಲ್ಲ. ಬರೀ ಬಿಳಿ ಪೊರೆ."

"ವಾಸನೆ?"

"ಹುಳಿ ಸೇಬಿನ ಥರ."

"ಹಾಗಾದ್ರೆ ಯಾರೂ ಸಾಯಲ್ಲ ಬಿಡಿ. ಬಾಟ್ಲಿಗೆ ಮಾತ್ರ ಹಾಕ್ಬೇಡಿ, ಸಿಡಿದಾವು. ಪೊರೆ ಕದಡ್ದೆ ಕೆಳಗಿಂದ ಕೆಗ್ ಪೀಪಾಯಿಗೆ ಇಳ್ಸಿ, ಫ್ರಿಜ್ಜಲ್ಲಿಡಿ. ನನ್ ಹತ್ರ ಒಂದು ಖಾಲಿ ಕೆಗ್ ಇದೆ, ಕೊಡ್ತೀನಿ. ಅಂದಹಾಗೆ, ಮುಚ್ಚಳ ಎಷ್ಟ್ ಸಲ ತೆಗೆದ್ರಿ?"

ನಾನು ನೋಟ್‌ಬುಕ್ ನೋಡಿದೆ. "ಇವತ್ತಿಂದು ಬಿಟ್ರೆ ಹದಿಮೂರು."

"ಅಳೆದ ಬಿಯರ್ ಏನ್ಮಾಡಿದ್ರಿ?"

"ವಾಪಸ್ ಸುರ್ದೆ."

ಹೀಗೆ ಮಾಡಿದರೆ ಸೋಂಕು ಹತ್ತುತ್ತದೆ ಎಂದು ಪ್ರಯೋಗಾಲಯದಲ್ಲಿ ನಾನೇ ಇತರರಿಗೆ ಬೈದಿದ್ದೇನೆ. ಆದರೆ ಮೊದಲ ದಿನವೇ ಕರ್ಟಿಸ್ "ಮದ್ವೇಲಿ ಒಬ್ಬರಿಗೆ ಒಂದ್ ಲೋಟ ಕಮ್ಮಿ ಆಯ್ತಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡಿದ್ದ. ಅಂದಿನಿಂದ ಒಂದು ಹನಿಯನ್ನೂ ನಾನು ಪೋಲು ಮಾಡಿರಲಿಲ್ಲ.

ಲಾಯ್ಡ್‌ನ ದನಿ ಏರಿತು. "ಅಯ್ಯೋ ತಾಯಿ! ಕೊನೇಲಿ ಎರಡೇ ಸಲ ಅಳೀರಿ, ಅಳೆದದ್ದು ಕುಡ್ದ್‌ಬಿಡಿ ಅಂತ ಕರ್ಟಿಸ್‌ಗೆ ಬಡ್ಕೊಂಡಿದ್ನಲ್ಲ!"

ಕರ್ಟಿಸ್ ಗೋಡೆಯ ಮೇಲಿನ ಸ್ಪ್ಯಾನರುಗಳನ್ನು ಎಣಿಸುವವನಂತೆ ನೋಡುತ್ತಿದ್ದ. ನಾನು ಫೋನ್ ಇಟ್ಟೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹದಿಮೂರ್ ದಿನ ಸುಮ್ನೆ ನೋಡ್ತಾ ನಿಂತಿದ್ಯಾ? ನಿಮ್ಮಕ್ಕನ ಮದ್ವೆ ಬಿಯರ್ ಕಣೋ ಇದು!"

"ಹೇಳಿದ್ರೆ ನೀನು ಎರಡೇ ಸಲ ಬರ್ತಿದ್ದೆ, ಹೆಲ್ಮಿ."

ನನ್ನ ಕೋಪ ಹಾಗೆಯೇ ಇತ್ತು. ಅಳತೆಗೆ ಸಮರ್ಥನೆ ಹುಡುಕಲು ನನ್ನ ಚೀಲದಿಂದ ಬಿಯರ್ ಮಾಡುವ ಕೈಪಿಡಿ ತೆಗೆದು ಹುದುಗುವಿಕೆಯ ಅಧ್ಯಾಯ ತೆರೆದೆ. ಅಲ್ಲಿ ಲಾಯ್ಡ್ ಹೇಳಿದ ಮಾತೇ ಇತ್ತು: ಕೊನೆಯಲ್ಲಿ ಎರಡು ಅಳತೆ ಸಾಕು. ಅದರ ಕೆಳಗೆ ಪೆನ್ಸಿಲಿನ ನೇರ ಗೆರೆ. ಪಕ್ಕದಲ್ಲಿ ದಿನಾಂಕ, ಸೆಪ್ಟೆಂಬರ್ ಏಳು. ಅಕ್ಷರ ನನ್ನದು.

ಪುಸ್ತಕ ಮುಚ್ಚುವಷ್ಟರಲ್ಲಿ ಅವನು ಓದಿಬಿಟ್ಟಿದ್ದ. ಎಡಗೆನ್ನೆ ಒಳಸರಿಯಿತು.

"ಯಾರಪ್ಪಾ ಇದು, ಸ್ಕೇಲ್ ಇಟ್ಟು ಗೆರೆ ಹಾಕಿರೋರು?"

"ಬಾಯ್ಮುಚ್ಚು."

"ನಾನಾದ್ರೂ ಒಪ್ಕೊಂಡೆ."

"ಬಾಯ್ಮುಚ್ಚು ಅಂದೆ."

ಅವನು ಮುಚ್ಚಿದ. ಪೊರೆ ಅಲುಗದಂತೆ ಕೊಳವೆ ಇಳಿಸಿ ತಳದಿಂದ ಒಂದು ಲೋಟ ತೆಗೆದು ನನಗೆ ಕೊಟ್ಟ. ಅರ್ಧ ಕುಡಿದು ಅವನಿಗೆ ಕೊಟ್ಟೆ. ನನ್ನ ತುಟಿ ತಾಗಿದ್ದ ಕಡೆಗೇ ಲೋಟ ತಿರುಗಿಸಿಕೊಂಡು, ನನ್ನಿಂದ ಕಣ್ಣು ಕೀಳದೆ, ಉಳಿದದ್ದನ್ನು ಕುಡಿದ.

"ಮದ್ವೆಗೆ ಬರ್ತೀಯಾ?" ಈಗ ದನಿಯಲ್ಲಿ ತಮಾಷೆಯಿರಲಿಲ್ಲ. "ಬಿಯರ್ ಬಗ್ಗಿಸೋಕಲ್ಲ. ನನ್ ಜೊತೆ."

ನೋಟ್‌ಬುಕ್ ತೆರೆದು, ಹದಿಮೂರನೆಯ ಸಾಲಿನ ಕೆಳಗೆ ಉತ್ತರ ಬರೆದು, ಅವನು ಓದಲೆಂದು ತಿರುಗಿಸಿ ಹಿಡಿದೆ.

ತೀರ್ಮಾನ: ಬಿಯರ್ ಕುಡಿಯಲು ಯೋಗ್ಯ, ಸ್ವಲ್ಪ ಹುಳಿ. ಹದಿಮೂರು ಅಳತೆಗಳಲ್ಲಿ ಬಿಯರಿಗಾಗಿ ತೆಗೆದುಕೊಂಡವು ಎರಡು.